ಸಿಯೆರಾ ಬೆಟ್ಟದ ಕಡೆ ಟ್ರೌಟ್ ಹಿಡಿಯೋಕೆ ಹೊರಟಿರೋ ಸುಮಕ್ಕನಿಗೆ

ಸುಮಕ್ಕ, ನಮಸ್ಕಾರ. ನಿಮ್ಮ ಮೆಸೇಜ್ ಬೆಳಗ್ಗೇನೇ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯೋದಲ್ಲ, ಅದಕ್ಕೇ ವಾಯ್ಸ್ ಹಾಕ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳಿಸ್ಕೊಳ್ಳಿ. ಜೂನಲ್ಲಿ ಆ ಕಡೆ ಹೋಗೋರು ಗ್ರೂಪಲ್ಲಿ ಇನ್ನೂ ಇದ್ದಾರೆ, ಅವರಿಗೂ ಆಗಲಿ ಅಂತ ಇಲ್ಲೇ ಹೇಳ್ತೀನಿ.

ನೀವು ಕೇಳಿದ್ದಿಷ್ಟು. ಹಾಸನದಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಜೂನ್ ಕೊನೇಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕ್ ನೋಡ್ಕೊಂಡು, ಟಯೋಗಾ ಪಾಸ್ ಅನ್ನೋ ಬೆಟ್ಟದ ದಾರಿ ದಾಟಿ, ಮ್ಯಾಮತ್ ಊರಿನ ಕಡೆ ಹೋಗ್ತೀರಿ. ಅಪ್ಪನಿಗೆ ಹೇಮಾವತಿ ಹೊಳೇಲಿ ಗಾಳ ಹಾಕಿ ಅಭ್ಯಾಸ. ಅಲ್ಲಿ ಟ್ರೌಟ್ ಅನ್ನೋ ತಣ್ಣೀರಿನ ಮೀನು ಹಿಡೀಬಹುದಾ, ಮನೆಗೊಂದು ಲೈಸೆನ್ಸ್ ಸಾಕಾ ಅಂತ. ಅದಕ್ಕೆ ಒಬ್ಬರು "ಕಾರಿಗೊಂದು ಲೈಸೆನ್ಸ್ ಇದ್ರೆ ಸಾಕು, ಬೆಟ್ಟದ ಮೇಲೆ ಯಾರು ಬಂದು ನೋಡ್ತಾರೆ" ಅಂತ ಉತ್ತರ ಹಾಕಿದ್ದಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಆ ಮಾತನ್ನ ದಯವಿಟ್ಟು ಕೇಳ್ಬೇಡಿ, ಅದು ತಪ್ಪು. ಈ ನಿಯಮ ನೋಡ್ಕೊಳ್ಳೋ ಸರ್ಕಾರಿ ವಾರ್ಡನ್‌ಗಳು ಬರ್ತಾರೆ. ಬರದೇ ಇದ್ರೂ ತಪ್ಪು ತಪ್ಪೇ.

ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಅವರವರ ಹೆಸರಲ್ಲೇ ಲೈಸೆನ್ಸ್ ಬೇಕು. ಹಿಡಿದು ವಾಪಸ್ ಬಿಡೋದಾದ್ರೂ ಬೇಕು. "ಅಪ್ಪ ಬರೀ ಐದು ನಿಮಿಷ ರಾಡ್ ಹಿಡ್ಕೊಂಡಿದ್ರು" ಅಂದ್ರೂ ಅದು ಮೀನು ಹಿಡಿದ ಲೆಕ್ಕಾನೇ. ಅಪ್ಪ ಪ್ರವಾಸಕ್ಕೆ ಬಂದೋರು ಅಂತ ವಿನಾಯಿತಿ ಏನಿಲ್ಲ. ಇಲ್ಲಿ ಸತತವಾಗಿ ಆರು ತಿಂಗಳು ವಾಸ ಮಾಡಿದ್ರೆ ಮಾತ್ರ ಈ ರಾಜ್ಯದೋರು ಅಂತ ಲೆಕ್ಕ, ಹಾಗಾಗಿ ಅಪ್ಪ ಹೊರಗಿನೋರು, ಅವರಿಗೆ ಇಡೀ ವರ್ಷದ್ದು ತುಂಬಾ ದುಬಾರಿ. ಆದರೆ ಒಂದು ದಿನದ ಲೈಸೆನ್ಸ್‌ಗೆ ಎಲ್ಲರಿಗೂ ಒಂದೇ ದರ, 20 ಡಾಲರ್ ಆಸುಪಾಸು. ಎರಡು ದಿನದ್ದೂ ಸಿಗುತ್ತೆ. ನಿಮಗೂ ನಿಮ್ಮನೆಯವರಿಗೂ ವರ್ಷದ್ದೇ ತಗೊಂಡ್ರೆ ಲಾಭ, 2023ರಿಂದ ಅದು ಕೊಂಡ ದಿನದಿಂದ 365 ದಿನ ನಡೆಯುತ್ತೆ, ಮೊದಲಿನ ಥರ ಡಿಸೆಂಬರ್‌ಗೆ ಮುಗಿದು ಹೋಗಲ್ಲ. ಫೋನಲ್ಲಿ ತೋರಿಸೋದಾದ್ರೆ ಮನೇಲಿರುವಾಗಲೇ ಇಳಿಸಿಟ್ಕೊಳ್ಳಿ, ಆ ಕೆರೆಗಳ ಹತ್ರ ಎಷ್ಟೋ ಕಡೆ ಸಿಗ್ನಲ್ ಇರಲ್ಲ. ವರ್ಷಕ್ಕೆ ಎರಡು ಶನಿವಾರ, ಜುಲೈ 4ರ ಆಸುಪಾಸಿಗೊಂದು, ಸೆಪ್ಟೆಂಬರ್ ಮೊದಲ ಸೋಮವಾರ ಬರೋ ಲೇಬರ್ ಡೇ ಆಸುಪಾಸಿಗೊಂದು, ಲೈಸೆನ್ಸ್ ಇಲ್ದೇನೇ ಹಿಡೀಬಹುದು. ಅವತ್ತೂ ಉಳಿದ ನಿಯಮ ಎಲ್ಲ ಹಾಗೇ ಇರುತ್ತೆ.

ಇದು ಸುಲಭದ ಭಾಗ. ನನಗೆ ನಿಜವಾಗಿ ಹೇಳ್ಬೇಕಿರೋದು ಮುಂದಿಂದು. ಲೈಸೆನ್ಸ್ ಕೈಗೆ ಬಂತು ಅಂದ್ರೆ ಎಲ್ಲ ನೀರಲ್ಲೂ ಗಾಳ ಹಾಕಬಹುದು ಅಂತ ಅಲ್ಲ ಸುಮಕ್ಕ. ಪ್ರತಿ ಹಳ್ಳಕ್ಕೂ, ಪ್ರತಿ ಕೆರೆಗೂ ಅದರದೇ ನಿಯಮ ಇರಬಹುದು. ನಿಮ್ಮ ದಾರೀಲೇ ನೋಡಿ. ಯೊಸೆಮಿಟಿ ಕಣಿವೇಲಿ ಮರ್ಸೆಡ್ ನದಿ ಇದೆಯಲ್ಲ, ಹ್ಯಾಪಿ ಐಲ್ಸ್‌ನಿಂದ ಕೆಳಗೆ ಫೋರೆಸ್ಟಾ ಸೇತುವೆವರೆಗೆ, ಅಲ್ಲಿ ರೇನ್‌ಬೋ ಟ್ರೌಟ್ ಸಿಕ್ಕಿದ್ರೆ ಬಿಟ್ಟುಬಿಡಲೇಬೇಕು, ಅದು ಆ ನದಿಯ ಮೂಲ ಮೀನು. ಬ್ರೌನ್ ಟ್ರೌಟ್ ಆದ್ರೆ ದಿನಕ್ಕೆ 5 ಇಟ್ಕೋಬಹುದು, ಅದು ಹೊರಗಿಂದ ತಂದು ಬಿಟ್ಟಿದ್ದು. ಎರೆಹುಳ, ಹಿಟ್ಟಿನುಂಡೆ ಏನೂ ಅಲ್ಲಿ ನಡೆಯಲ್ಲ, ಹುಳದ ಹಾಗೆ ಕಾಣೋ ಕೃತಕ ಎರೆ ಮಾತ್ರ, ಕೊಕ್ಕೇಲಿ ಹಿಂದಕ್ಕೆ ಚಾಚಿರೋ ಸಣ್ಣ ಮುಳ್ಳಿರಬಾರದು. ಸೇತುವೆ ಮೇಲೆ ನಿಂತು ಗಾಳ ಹಾಕೋ ಹಾಗೂ ಇಲ್ಲ.

ಪಾಸ್ ದಾಟಿ ಮ್ಯಾಮತ್ ಕಡೆ ಬಂದ್ರೆ ಕಾನ್ವಿಕ್ಟ್ ಲೇಕ್, ಜೂನ್ ಲೇಕ್. ಅಲ್ಲಿ ದಿನಕ್ಕೆ 5 ಟ್ರೌಟ್, ಎರೆಹುಳ ಹಾಕಿಯೂ ಹಿಡೀಬಹುದು. ಮಕ್ಕಳಿಗೆ, ಅಪ್ಪನಿಗೆ ಅದೇ ಸರಿಯಾದ ಜಾಗ. ಆದರೆ ಕಾನ್ವಿಕ್ಟ್ ಲೇಕಿಂದ ಸ್ವಲ್ಪ ದೂರದಲ್ಲೇ ಹಾಟ್ ಕ್ರೀಕ್ ಅಂತ ಹಳ್ಳ ಇದೆ. ಮೀನು ಮರಿ ಮಾಡೋ ಸರ್ಕಾರಿ ಕೇಂದ್ರದಿಂದ ಕೆಳಗೆ ಹರಿಯೋ ಭಾಗದಲ್ಲಿ ಒಂದು ಮೀನನ್ನೂ ಇಟ್ಕೊಳ್ಳೋ ಹಾಗಿಲ್ಲ, ಮುಳ್ಳಿಲ್ಲದ ಕೊಕ್ಕೆ, ಕೃತಕ ಎರೆ, ಹಿಡಿ, ಬಿಡು, ಅಷ್ಟೇ. ಒಂದೇ ದಿನ, ಒಂದೇ ಕಾರು, ಅದೇ ಲೈಸೆನ್ಸ್. ಇಲ್ಲಿ ಸರಿ ಇದ್ದದ್ದು ಅಲ್ಲಿ ಅಪರಾಧ. ಅದಕ್ಕೇ ಮೊದಲು ನೀರಿನ ಹೆಸರು, ಆಮೇಲೆ ತಾರೀಕು, ಆಮೇಲೆ ಗಾಳ. ಕ್ಯಾಲಿಫೋರ್ನಿಯಾ ಡಿಪಾರ್ಟ್‌ಮೆಂಟ್ ಆಫ್ ಫಿಶ್ ಅಂಡ್ ವೈಲ್ಡ್‌ಲೈಫ್‌ನೋರ ನಿಯಮದ ಪುಸ್ತಕದಲ್ಲಿ ಹೆಸರು ಹೆಸರಾಗಿ ಕೊಟ್ಟಿದ್ದಾರೆ. ಹೆಸರು ಅದರಲ್ಲಿ ಇಲ್ಲ ಅಂದ್ರೆ ಮಾತ್ರ ರಾಜ್ಯದ ಸಾಮಾನ್ಯ ನಿಯಮ.

ಆ ಸಾಮಾನ್ಯ ನಿಯಮ ಹೀಗಿದೆ. ಕೆರೆಗಳು ವರ್ಷವಿಡೀ ತೆರೆದಿರುತ್ತೆ, ದಿನಕ್ಕೆ 5. ಹಳ್ಳ, ನದಿಗಳಲ್ಲಿ ಮೇ ಕೊನೇ ಸೋಮವಾರ ಬರೋ ಮೆಮೋರಿಯಲ್ ಡೇ ಹಿಂದಿನ ಶನಿವಾರದಿಂದ ಫೆಬ್ರವರಿ ಕೊನೇ ದಿನದವರೆಗೆ ದಿನಕ್ಕೆ 5, ಉಳಿದ ಮಾರ್ಚ್, ಏಪ್ರಿಲ್, ಮೇನಲ್ಲಿ ಹಿಡಿದು ಬಿಡೋದು ಮಾತ್ರ. ಇದು 2021ರಲ್ಲಿ ಬದಲಾಗಿದ್ದು, ಹಳೇ ವಿಡಿಯೋ ನೋಡ್ಕೊಂಡು ಹೋಗ್ಬೇಡಿ. ನಿಮ್ಮ ಜೂನ್‌ಗೆ ತೊಂದರೆ ಇಲ್ಲ. ಆ ಮೂರು ತಿಂಗಳು ಯಾಕೆ ಅಂದ್ರೆ, ರೇನ್‌ಬೋ ವಸಂತದಲ್ಲಿ ಮೊಟ್ಟೆ ಇಡುತ್ತೆ. ಹೆಣ್ಣು ಮೀನು ಬಾಲದಲ್ಲಿ ಸಣ್ಣ ಕಲ್ಲುಗಳನ್ನ ಕೆದಕಿ ಗುಳಿ ಮಾಡಿ, ಮೊಟ್ಟೆ ಇಟ್ಟು, ಮತ್ತೆ ಕಲ್ಲು ಮುಚ್ಚುತ್ತೆ. ಸುತ್ತ ಪಾಚಿ ಕಟ್ಟಿ ಕಂದು ಬಣ್ಣದ ಕಲ್ಲು, ನಡುವೆ ಒಂದು ಮಣೆಯಷ್ಟಗಲ ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ ಕಾಣುತ್ತೆ. ಅದರ ಮೇಲೆ ಕಾಲಿಟ್ರೆ ಅಡಿಗಿರೋ ಮೊಟ್ಟೆಗಳು ನುಚ್ಚುನೂರು. ಎತ್ತರದ ಜಾಗದಲ್ಲಿ ಹಿಮ ತಡವಾಗಿ ಕರಗುತ್ತೆ, ಹಾಗಾಗಿ ಜೂನಲ್ಲೂ ನೀರಿಗಿಳಿಯೋ ಮುಂಚೆ ಮಕ್ಕಳಿಗೆ ಅದನ್ನ ತೋರಿಸಿ, ಹೇಳಿ.

ಲೆಕ್ಕದ ವಿಷಯದಲ್ಲಿ ನಮ್ಮೋರು ಎಡವೋದು ಒಂದು ಕಡೆ. 5 ಅನ್ನೋದು ತಲೆಗೆ, ಕುಟುಂಬಕ್ಕಲ್ಲ. ಅಪ್ಪ 5 ಹಿಡಿದಾದ ಮೇಲೆ "ಇನ್ನೆರಡು ಮೊಮ್ಮಗಳ ಲೆಕ್ಕಕ್ಕೆ" ಅಂತ ಮುಂದುವರಿಸೋ ಹಾಗಿಲ್ಲ. ಮೊಮ್ಮಗಳಿಗೆ ಲೈಸೆನ್ಸ್ ಬೇಡ, ಅವಳ 5 ಅವಳದೇ, ಅವಳೇ ಹಿಡೀಬೇಕು. ಇನ್ನೊಂದು, ಒಬ್ಬರ ಹತ್ರ ಒಟ್ಟು 10ಕ್ಕಿಂತ ಹೆಚ್ಚು ಇರಬಾರದು, ಮನೇಲಿ ಫ್ರೀಜರಲ್ಲಿ ಇಟ್ಟಿರೋದೂ ಅದರಲ್ಲೇ ಸೇರುತ್ತೆ. ಮೂರು ದಿನ ಹಿಡಿದು ಐಸ್ ಪೆಟ್ಟಿಗೆ ತುಂಬಿಸಿ ಬರೋ ಯೋಚನೆ ಇದ್ರೆ ಈಗಲೇ ಬಿಟ್ಬಿಡಿ.

ಮತ್ತೊಂದು ವಿಷಯ ನಮ್ಮವರಿಗೇ ಅಂತ ಹೇಳ್ತೀನಿ. ಶೃಂಗೇರೀಲಿ ತುಂಗೆಯ ಮೀನಿಗೆ ಪುರಿ ಹಾಕಿ ಬೆಳೆದೋರು ನಾವು, ನೀರು ಕಂಡ್ರೆ ಕೈ ತಾನಾಗೇ ಚೀಲಕ್ಕೆ ಹೋಗುತ್ತೆ. ಇಲ್ಲಿ ಮೀನು ಹತ್ರ ಬರಲಿ ಅಂತ ಅನ್ನ, ಬ್ರೆಡ್, ಪುರಿ, ಏನನ್ನೇ ನೀರಿಗೆ ಎಸೆಯೋದು ಬೆಟ್ಟದ ಕೆರೆ ಹಳ್ಳಗಳಲ್ಲಿ ಕಾನೂನಿಗೆ ವಿರುದ್ಧ. ಅಮ್ಮನಿಗೆ ಮೊದಲೇ ಹೇಳಿಡಿ. ರಾಡನ್ನ ಕಲ್ಲಿಗೆ ಒರಗಿಸಿ ಊಟಕ್ಕೆ ಹೋಗೋ ಹಾಗೂ ಇಲ್ಲ, ಪಕ್ಕದಲ್ಲೇ ಇರಬೇಕು, ಒಬ್ಬರಿಗೆ ಒಂದೇ ರಾಡ್. ಕೆರೇಲಿ ಎರಡನೇದು ಬೇಕು ಅಂದ್ರೆ ಬೇರೆ ದುಡ್ಡು ಕಟ್ಟಬೇಕು, ನಿಮಗೆ ಅದು ಬೇಡ.

ಈಗ ಬಿಡೋ ವಿಷಯ. ಇದನ್ನ ಅಪ್ಪನಿಗೆ ನೀವೇ ಮಾಡಿ ತೋರಿಸಿ. ಕೊಕ್ಕೆ ತುದಿ ಹತ್ರ ಹಿಂದಕ್ಕೆ ಚಾಚಿರೋ ಸಣ್ಣ ಮುಳ್ಳಿರುತ್ತಲ್ಲ, ಅದನ್ನ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ಆಮೇಲೆ ಹಳೇ ಹತ್ತಿ ಪಂಚೆ ತುಂಡಿಗೆ ಚುಚ್ಚಿ ಹಿಂದಕ್ಕೆ ಎಳೀರಿ, ಎಳೆ ಸಿಕ್ಕಿಕೊಳ್ಳದೆ ಜಾರಿ ಬಂದ್ರೆ ಸರಿಯಾಯ್ತು, ಸಿಕ್ಕಿಕೊಂಡ್ರೆ ಇನ್ನೊಂದ್ಸಲ ಒತ್ತಿ. ಮೀನು ಮುಟ್ಟೋ ಮುಂಚೆ ಕೈ ಒದ್ದೆ ಮಾಡ್ಕೊಳ್ಳಿ. ಟ್ರೌಟ್ ಮೈ ಮೇಲೆ ಲೋಳೆ ಇರುತ್ತೆ, ಅದೇ ಅದಕ್ಕೆ ರೋಗದಿಂದ ರಕ್ಷಣೆ. ಒಣ ಕೈ, ಸನ್‌ಸ್ಕ್ರೀನ್ ಹಚ್ಚಿದ ಕೈ, ಬಿಸಿಲಿಗೆ ಕಾದ ಕಲ್ಲು ತಾಗಿದ್ರೆ ಆ ಲೋಳೆ ಕಿತ್ತು ಬರುತ್ತೆ. ಬಿಟ್ಟಾಗ ಈಜ್ಕೊಂಡೇ ಹೋಗುತ್ತೆ, ನಾವು ಖುಷಿ ಪಡ್ತೀವಿ, ಆಮೇಲೆ ಎಲ್ಲೋ ಬೂಸ್ಟು ಹಿಡಿದು ಸಾಯುತ್ತೆ. ಕಿವಿರೊಳಗೆ ಬೆರಳು ಹಾಕ್ಬಾರದು. ಕೊಕ್ಕೆ ತೀರಾ ಒಳಗೆ ನುಂಗಿದ್ರೆ ಎಳೀಬೇಡಿ, ದಾರಾನೇ ಹತ್ತಿರಕ್ಕೆ ಕತ್ತರಿಸಿ ಬಿಡಿ. ಫೋಟೋ ಬೇಕು ಅಂದ್ರೆ ಫೋನ್ ಮೊದಲು ತಯಾರಿರಲಿ, ಮೀನು ನೀರಲ್ಲೇ ಇರಲಿ, ಎತ್ತಿ, ತೆಗೆದು, ತಕ್ಷಣ ಇಳಿಸಿ. ನೀರು 20 ಡಿಗ್ರಿ ಸೆಲ್ಸಿಯಸ್ ಹತ್ರ ಬಂದ್ರೆ ಅವತ್ತಿಗೆ ನಿಲ್ಲಿಸಿಬಿಡಿ. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಮ್ಮಿ, ದಣಿದ ಟ್ರೌಟ್ ಚೇತರಿಸಿಕೊಳ್ಳಲ್ಲ. ಸಣ್ಣದೊಂದು ಥರ್ಮಾಮೀಟರ್ ಜೊತೇಲಿರಲಿ, ಬೆಳಗ್ಗೆ ಹೊತ್ತು ಎಲ್ಲದಕ್ಕೂ ಒಳ್ಳೇದು. ಕೊಕ್ಕೆ ಮುಳ್ಳಿನ ವಿಷಯ ಬಿಟ್ರೆ ಇದೆಲ್ಲ ಕಾನೂನಲ್ಲಿ ಬರೆದಿಲ್ಲ, ಆದರೆ ಬಿಡಲೇಬೇಕು ಅನ್ನೋ ನಿಯಮಕ್ಕೆ ಅರ್ಥ ಬರೋದು ಬಿಟ್ಟ ಮೀನು ಬದುಕಿದಾಗ ಮಾತ್ರ ಅಲ್ವಾ?

ಕೊನೇಗೆ ಒಂದು, ಇದರಲ್ಲಿ ನಾನು ಬಹಳ ಗಟ್ಟಿ. ಮಕ್ಕಳು ಬಕೆಟಲ್ಲಿ ಜೀವಂತ ಮೀನು ಇಟ್ಕೊಂಡು "ಮುಂದಿನ ಕೆರೇಲಿ ಬಿಡೋಣ" ಅಂತಾರೆ. ಬೇಡವೇ ಬೇಡ, ಅದಕ್ಕೂ ಕಾನೂನಲ್ಲಿ ಅವಕಾಶ ಇಲ್ಲ. ಪೋರ್ಟೋಲಾ ಊರಿನ ಹತ್ರ ಲೇಕ್ ಡೇವಿಸ್ ಇದೆ, ಟ್ರೌಟ್‌ಗೇ ಹೆಸರಾಗಿದ್ದ ಕೆರೆ. ಯಾರೋ ಕಳ್ಳತನದಲ್ಲಿ ತಂದು ಬಿಟ್ಟ ನಾರ್ದರ್ನ್ ಪೈಕ್ ಅನ್ನೋ ಮೀನು 1994ರಲ್ಲಿ ಅಲ್ಲಿ ಕಾಣಿಸ್ತು. ಅದು ಟ್ರೌಟ್ ಎಲ್ಲ ತಿಂದು ಕೆಳಗಿನ ನದಿಗಳಿಗೂ ಇಳಿಯುತ್ತೆ ಅಂತ 1997ರಲ್ಲಿ ಇಡೀ ಕೆರೆಗೆ ವಿಷ ಹಾಕಿದ್ರು, ಆ ಊರಿಗೆ ಕುಡಿಯೋ ನೀರಿನ ಮೂಲವಾಗಿದ್ದ ಕೆರೆಗೆ! ಆದ್ರೂ ಪೈಕ್ ಮತ್ತೆ ಬಂತು, 2007ರಲ್ಲಿ ಮತ್ತೆ ವಿಷ ಹಾಕ್ಬೇಕಾಯ್ತು. ಯೊಸೆಮಿಟಿಯ ಎತ್ತರದ ಕೆರೆಗಳಲ್ಲಿ ಮೂಲತಃ ಮೀನೇ ಇರ್ಲಿಲ್ಲ. ಅಲ್ಲಿಗೂ ಟ್ರೌಟ್ ತಂದು ಬಿಟ್ರು, ಅವು ಹಳದಿ ಕಾಲಿನ ಸಿಯೆರಾ ಕಪ್ಪೆಯ ಮರಿಗಳನ್ನ ತಿಂದು ಹಾಕಿದ್ವು. ಆ ಚಳಿ ನೀರಲ್ಲಿ ಗೊದಮೊಟ್ಟೆ ಕಪ್ಪೆಯಾಗೋಕೆ ಎರಡು ಮೂರು ವರ್ಷ ಬೇಕು, ಅಷ್ಟು ದಿನ ಟ್ರೌಟ್ ಬಾಯಿಂದ ಎಲ್ಲಿ ತಪ್ಪಿಸ್ಕೊಳ್ಳುತ್ತೆ? 2014ರಲ್ಲಿ ಆ ಕಪ್ಪೇನ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ರು, ಈಗ ಕೆಲವು ಕೆರೆಗಳಿಂದ ಟ್ರೌಟ್ ತೆಗೆದು ಕಪ್ಪೆ ಬಿಡ್ತಿದ್ದಾರೆ. ಗಾಳಿ ತುಂಬೋ ದೋಣಿ ಒಯ್ತೀರಾದ್ರೆ, ಬೂಟು, ಬಲೆ ಸಮೇತ ತೊಳೆದು ಪೂರ್ತಿ ಒಣಗಿಸಿ. 2024ರಲ್ಲಿ ಸ್ಟಾಕ್ಟನ್ ಹತ್ರ ಗೋಲ್ಡನ್ ಮಸಲ್ ಅನ್ನೋ ಚಿಪ್ಪುಜೀವಿ ಸಿಕ್ಕಿದ ಮೇಲೆ ದೋಣಿ ತಪಾಸಣೆ ಎಷ್ಟೋ ಕಡೆ ಬಿಗಿಯಾಗಿದೆ, ಒದ್ದೆ ಇದ್ರೆ ವಾಪಸ್ ಕಳಿಸ್ತಾರೆ.

ಸುಮಕ್ಕ, ಯಾವ ತಾರೀಕಿಗೆ ಯಾವ ಕೆರೆ, ಯಾವ ಹಳ್ಳ ಅಂತ ಬರೆದು ಇಲ್ಲೇ ಹಾಕಿ, ಪುಸ್ತಕ ನೋಡಿ ಒಂದೊಂದಕ್ಕೂ ಹೇಳ್ತೀನಿ. ತೆಳು ಬಾಯಿಯ ಇಕ್ಕಳ ನನ್ನ ಹತ್ರ ಎರಡಿದೆ, ಶನಿವಾರ ಕನ್ನಡ ಕ್ಲಾಸಿಗೆ ಮಗಳನ್ನ ಬಿಡೋಕೆ ಬರ್ತೀರಲ್ಲ, ಆಗ ಒಂದು ತಗೊಂಡು ಹೋಗಿ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.