ಪ್ರಾಮಾಣಿಕ ಪಾತ್ರ ಕಳ್ಳತನಕ್ಕೆ ಇಳಿದರೆ ನಂಬೋ ಹಾಗೆ ಬರೆಯೋದು ಹೇಗೆ?

ಪ್ರಶ್ನೆ
ಚಿತ್ರಕಥೆಯೊಂದು ಕೈಯಲ್ಲಿದೆ. ನಾಯಕ ಪ್ರಾಮಾಣಿಕ, ಕುತ್ತಿಗೆವರೆಗೂ ಸಾಲ, ತಾಯಿಗೆ ಆಪರೇಷನ್, ಕೊನೆಗೆ ಕದಿಯುತ್ತಾನೆ. ಓದಿದವರೆಲ್ಲ 'ಇದ್ದಕ್ಕಿದ್ದ ಹಾಗೆ ಬದಲಾಗಿಬಿಟ್ಟ' ಅಂತಿದ್ದಾರೆ. ಕಷ್ಟ ಇನ್ನೂ ಹೆಚ್ಚಿಸಬೇಕಾ? ಇಟಲಿಯ ನಿರ್ದೇಶಕ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ಸಿನಿಮಾದಲ್ಲಿ ಇದೇ ತಿರುವನ್ನ ಯಾಕೆ ನಂಬ್ತೀವಿ?

ಉತ್ತರ
ಕಷ್ಟ ಹೆಚ್ಚಿಸಬೇಡಿ, ದಾರಿ ಮುಚ್ಚುತ್ತಾ ಬನ್ನಿ. ಆಪರೇಷನ್ ದುಡ್ಡು ಅಂದ ತಕ್ಷಣ ಪ್ರೇಕ್ಷಕ ಮುಂದಿನ ಸೀನ್ ಊಹಿಸಿಬಿಡ್ತಾನೆ. 1948ರ ಆ ಚಿತ್ರದಲ್ಲಿ ನಾಯಕ ಆಂಟೋನಿಯೊಗೆ ಬೇಕಿರೋದು ಒಂದು ಸೈಕಲ್, ಅಷ್ಟೇ. ಅದಿಲ್ಲದೆ ರೋಮ್‌ನಲ್ಲಿ ಪೋಸ್ಟರ್ ಅಂಟಿಸೋ ಕೆಲಸ ಸಿಗಲ್ಲ. ಗಿರವಿಯಿಂದ ಬಿಡಿಸೋಕೆ ಹೆಂಡತಿ ಮರಿಯಾ ಮಂಚದ ಮೇಲಿನ ಬೆಡ್‌ಶೀಟ್‌ಗಳನ್ನೇ ಅಡವಿಡ್ತಾಳೆ. ಗಿರವಿ ಅಂಗಡಿಯ ಆಳು ಆ ಗಂಟು ಹೊತ್ತು ಎತ್ತರದ ಕಪಾಟು ಹತ್ತುತ್ತಾ ಹೋಗ್ತಾನೆ, ಮೇಲಿನವರೆಗೂ ಬೇರೆಯವರ ಗಂಟುಗಳೇ. ಬಡತನದ ಬಗ್ಗೆ ಭಾಷಣ ಬೇಕಾಗೇ ಇಲ್ಲ. ಕೆಲಸದ ಮೊದಲ ದಿನವೇ ಸೈಕಲ್ ಕಳವು. ಪೊಲೀಸರು ದೂರು ಬರೆದುಕೊಂಡು ಕೈಚೆಲ್ಲುತ್ತಾರೆ. ಸಂತೆಯಲ್ಲಿ ಹುಡುಕಿದರೂ ಸಿಗಲ್ಲ. ಕಳ್ಳನೇ ಸಿಕ್ಕಾಗ ಸಾಕ್ಷಿ ಇಲ್ಲ, ಗಲ್ಲಿಯವರೆಲ್ಲ ಅವನ ಪರ. ಹೀಗೆ ಮುಚ್ಚೋ ಒಂದೊಂದು ಬಾಗಿಲಿಗೂ ಒಂದೇ ಸೀನ್ ಸಾಕು.

ಉತ್ತರ
ಬಾಗಿಲು ಮುಚ್ಚಿದರೆ ಸಾಲದು, ಪಾತ್ರ ಮೊದಲೇ ಸ್ವಲ್ಪ ಸ್ವಲ್ಪ ಜಾರಿರಬೇಕು. ಹೆಂಡತಿ ಕಣಿ ಹೇಳುವ ಹೆಂಗಸಿಗೆ ದುಡ್ಡು ಕೊಡಲು ಹೋದಾಗ ಗೇಲಿ ಮಾಡಿದ ಆಂಟೋನಿಯೊ ಆಮೇಲೆ ಅದೇ ಹೆಂಗಸಿನ ಮುಂದೆ ತಾನೇ ಹೋಗಿ ಕೂರುತ್ತಾನೆ. ಚರ್ಚಿನೊಳಗೆ ಪ್ರಾರ್ಥನೆಯ ನಡುವೆ ಮುದುಕನೊಬ್ಬನನ್ನು ಪೀಡಿಸುತ್ತಾನೆ. ಮಗ ಬ್ರೂನೊನ ಕೆನ್ನೆಗೆ ಬಾರಿಸುತ್ತಾನೆ. ಕದಿಯುವ ಮುಂಚೆಯೇ ನಾವು ಅವನನ್ನು ಬೇರೆ ಮನುಷ್ಯನಾಗಿ ನೋಡಿರುತ್ತೇವೆ.

ಹೀಗೆ ಪರೀಕ್ಷಿಸಿ: ಸೀನಿಗೊಂದು ಕಾರ್ಡ್ ಮಾಡಿ, ಹಿಂಬದಿಯಲ್ಲಿ 'ಈ ಹೊತ್ತಿಗೂ ಇವನು ಮಾಡಲಾರದ ಕೆಲಸ ಯಾವುದು?' ಎಂದು ಬರೆಯಿರಿ. ಮೂರು ಕಾರ್ಡಿನಲ್ಲಿ ಸತತವಾಗಿ ಒಂದೇ ಉತ್ತರ ಬಂದರೆ ಅಲ್ಲಿ ಗೋಳು ಮಾತ್ರ ಬೆಳೆದಿದೆ, ಪಾತ್ರ ಕದಲಿಲ್ಲ. ಎರಡನ್ನು ಕಿತ್ತುಹಾಕಿ.

ಉತ್ತರ
ಕದಿಯೋ ಸೀನಿಗೆ ಸ್ವಗತ ಇಟ್ಟಿದ್ರೆ ತೆಗೆದುಬಿಡಿ. ಆಂಟೋನಿಯೊ ಕೂರ್ತಾನೆ, ಏಳ್ತಾನೆ, ಸ್ಟೇಡಿಯಂ ಹೊರಗಿನ ಸಾಲು ಸಾಲು ಸೈಕಲ್ ನೋಡ್ತಾನೆ, ಬಾಗಿಲ ಬಳಿ ಒಂಟಿಯಾಗಿ ನಿಂತ ಸೈಕಲ್ ನೋಡ್ತಾನೆ. ಮಗನಿಗೆ ದುಡ್ಡು ಕೊಟ್ಟು ಟ್ರಾಮ್ ಹತ್ತು ಅಂತಾನೆ. ಮಗನನ್ನ ಸಾಗಹಾಕ್ತಿದ್ದಾನೆ ಅಂದ್ರೆ ತಪ್ಪು ಅಂತ ಗೊತ್ತಿದೆ, ಅದನ್ನ ಡೈಲಾಗಲ್ಲಿ ಹೇಳಿಸಬೇಕಾಗಿಲ್ಲ. ಟ್ರಾಮ್ ತಪ್ಪಿಸಿಕೊಂಡ ಹುಡುಗ ಎಲ್ಲ ನೋಡಿಬಿಡ್ತಾನೆ.

ಇನ್ನೊಂದು, ಹೊಸಬ ಸಲೀಸಾಗಿ ಕದ್ದರೆ ಯಾರೂ ನಂಬಲ್ಲ. ಆಂಟೋನಿಯೊ ಸಿಕ್ಕಿಬೀಳೋಕೆ ಹೆಚ್ಚು ಹೊತ್ತು ಬೇಕಾಗಲ್ಲ.

ಉತ್ತರ
ಒಂದು ತಕರಾರು. ಆಂಟೋನಿಯೊ ಒಮ್ಮೆ ಮುರಿದುಬೀಳುತ್ತಾನೆ, ಅಷ್ಟೇ. ಹುಡುಗನನ್ನು ಕಂಡು ಸೈಕಲ್ ಮಾಲೀಕ ಬಿಟ್ಟುಬಿಡುತ್ತಾನೆ, ಕಥೆ ಮುಗಿಯುತ್ತದೆ. ನಿಮ್ಮ ನಾಯಕ ಮುಂದೆಯೂ ಕಳ್ಳನಾಗಿಯೇ ಉಳಿಯುವವನಾದರೆ ಈ ಮಾದರಿ ಅರ್ಧ ದಾರಿವರೆಗೆ ಮಾತ್ರ. ಆಗ ಎರಡನೇ ಕಳ್ಳತನವನ್ನು ಜಾಗ್ರತೆಯಾಗಿ ಬರೆಯಿರಿ: ಮೊದಲಿನಷ್ಟು ಒತ್ತಡ ಇರಬಾರದು, ಹಿಂಜರಿಕೆಯೂ ಮೊದಲಿಗಿಂತ ಕಡಿಮೆಯಾಗಿರಬೇಕು.