ಆನ್‌ಲೈನ್ ಮಾರಾಟ: ಹೊಣೆಗಾರಿಕೆಯ ಪತ್ರಕ್ಕೆ ವ್ಯವಸ್ಥಾಪಕರು ಸಹಿ ಹಾಕಬಹುದೇ?

ಪ್ರಶ್ನೆ (ಮಾರಾಟ ವ್ಯವಸ್ಥಾಪಕಿ, ಧಾರವಾಡ)

ಶೇಂಗಾ, ಅಗಸೆ, ಗುರೆಳ್ಳು ಚಟ್ನಿಪುಡಿಗಳನ್ನು ತಯಾರಿಸುವ ಖಾಸಗಿ ಕಂಪನಿಯೊಂದರ ಆನ್‌ಲೈನ್ ಮಾರಾಟವನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಸ್ವಂತ ಜಾಲತಾಣದ ಮೂಲಕವೂ ದೊಡ್ಡ ಮಾರಾಟ ತಾಣಗಳ ಮೂಲಕವೂ ಸರಕು ಹೊರರಾಜ್ಯಗಳಿಗೆ ಹೋಗುತ್ತದೆ. ಈಗ ಆಡಳಿತ ಮಂಡಳಿಯವರು ಆಹಾರ ಸುರಕ್ಷತೆಯ ಹೊಣೆಗೂ ಗ್ರಾಹಕರ ಕುಂದುಕೊರತೆ ಅಧಿಕಾರಿಯ ಸ್ಥಾನಕ್ಕೂ ನನ್ನ ಹೆಸರನ್ನೇ ಕೊಡಲು ನಿರ್ಧರಿಸಿ, ಆಹಾರ ಸುರಕ್ಷತೆಯ ಹೊಣೆಗಾರರನ್ನು ಕಂಪನಿಯು ನಾಮನಿರ್ದೇಶನ ಮಾಡುವ ಫಾರ್ಮ್ 9ಕ್ಕೆ ಸಹಿ ಕೇಳಿದ್ದಾರೆ. ಪ್ಯಾಕಿಂಗ್ ಘಟಕ ನನ್ನ ಕೈಕೆಳಗಿಲ್ಲ. ತಾಣದಲ್ಲಿ ಹಾಕುವ ಬರಹವನ್ನು ಜಾಹೀರಾತು ಏಜೆನ್ಸಿ ಸಿದ್ಧಪಡಿಸುತ್ತದೆ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಕೇಸು ಕಂಪನಿಯ ಮೇಲಷ್ಟೇ ಬೀಳುತ್ತದೆಯೋ, ನನ್ನ ಮೇಲೂ ಬೀಳುತ್ತದೆಯೋ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ವಕೀಲರು, ಬೆಂಗಳೂರು)

ಮೇಡಂ, ನಿಮ್ಮ ಮೇಲೂ ಬೀಳಬಹುದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 66ನೇ ಕಲಮಿನ ಪ್ರಕಾರ, ಕಂಪನಿಯು ಯಾವ ಘಟಕಕ್ಕೆ ಯಾರನ್ನು ಹೊಣೆಗಾರರೆಂದು ನಾಮನಿರ್ದೇಶನ ಮಾಡಿರುತ್ತದೆಯೋ, ಆ ಘಟಕದಲ್ಲಿ ನಡೆದ ಉಲ್ಲಂಘನೆಗೆ ಅವರು ಉತ್ತರ ಕೊಡಬೇಕಾಗುತ್ತದೆ. ತಮಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರಿಕೆಯನ್ನೆಲ್ಲ ವಹಿಸಿದ್ದೆವೆಂದೋ ಸಾಬೀತುಪಡಿಸಿದರೆ ಪಾರಾಗಬಹುದು. ಆದರೆ ಅದನ್ನು ಸಾಬೀತುಪಡಿಸುವ ಭಾರ ನಿಮ್ಮದೇ. ಪ್ಯಾಕಿಂಗ್ ನಿಲ್ಲಿಸುವ ಅಧಿಕಾರವೇ ಇಲ್ಲದವರು ಎಚ್ಚರ ವಹಿಸಿದ್ದಕ್ಕೆ ಯಾವ ದಾಖಲೆ ತೋರಿಸಬಲ್ಲರು?

ಮಾಹಿತಿ ತಂತ್ರಜ್ಞಾನ ಕಾಯ್ದೆಯ 85ನೇ ಕಲಮೂ ಇದೇ ಜಾಡಿನದು. 2004ರಲ್ಲಿ ಬಾಜೀ ಡಾಟ್ ಕಾಮ್ ತಾಣದಲ್ಲಿ ಬಳಕೆದಾರನೊಬ್ಬ ಅಶ್ಲೀಲ ವಿಡಿಯೊವನ್ನು ಮಾರಾಟಕ್ಕಿಟ್ಟಾಗ, ಪೊಲೀಸರು ತಾಣದ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನು ಬಂಧಿಸಿದ್ದರು. ಕಂಪನಿಯನ್ನು ಆರೋಪಿಯನ್ನಾಗಿ ಸೇರಿಸದೆ ಅಧಿಕಾರಿಯನ್ನಷ್ಟೇ ವಿಚಾರಣೆಗೆ ಗುರಿಪಡಿಸಲಾಗದು ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ರದ್ದುಪಡಿಸಿದ್ದು 2012ರಲ್ಲಿ. ಇದನ್ನು ಅಧಿಕಾರಿಗಳಿಗೆ ಸಿಕ್ಕ ರಕ್ಷಣೆಯೆಂದು ಕೆಲವರು ತಪ್ಪಾಗಿ ಓದುತ್ತಾರೆ. ಕಂಪನಿಯನ್ನೂ ಸೇರಿಸಿ ದೂರು ಹಾಕಿದರೆ ಆ ತಡೆ ಉಳಿಯುವುದಿಲ್ಲ.

ಆದ್ದರಿಂದ ಸಹಿಗೆ ಮುನ್ನ ಆಡಳಿತ ಮಂಡಳಿಯ ನಿರ್ಣಯವನ್ನು ಬರಹದಲ್ಲಿ ಪಡೆಯಿರಿ. ಅನುಮಾನ ಬಂದ ಬ್ಯಾಚನ್ನು ತಡೆಹಿಡಿಯಲು, ತಾಣದಿಂದ ಸರಕನ್ನು ತೆಗೆಸಲು, ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಲು ನಿಮಗೆ ಅಧಿಕಾರವಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಅದನ್ನು ಕೊಡದಿದ್ದರೆ, ಘಟಕದ ಉಸ್ತುವಾರಿ ಯಾರ ಕೈಯಲ್ಲಿದೆಯೋ ಅವರ ಹೆಸರನ್ನೇ ಕೊಡುವಂತೆ ಹೇಳಿ.

ಉತ್ತರ 2 (ಗುಣಮಟ್ಟ ವಿಭಾಗ, ಆಹಾರೋದ್ಯಮ, ಹುಬ್ಬಳ್ಳಿ)

ಏಜೆನ್ಸಿಯ ಬರಹದ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಅಗಸೆ ಚಟ್ನಿಯ ಪುಟದಲ್ಲಿ ‘ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ’ ಎಂಬ ಒಂದು ಸಾಲು ಸೇರಿದರೂ ಸಾಕು, ಆಹಾರ ಸುರಕ್ಷತೆ ಕಾಯ್ದೆಯ 53ನೇ ಕಲಮಿನಡಿ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಆ ಕಲಮು ಪ್ರಕಟಿಸಿದವರ ಜೊತೆಗೆ ಪ್ರಕಟಣೆಯಲ್ಲಿ ಪಾಲುದಾರರಾದವರನ್ನೂ ಹಿಡಿಯುತ್ತದೆ. ಇನ್ನು ಪೊಟ್ಟಣದ ಮೇಲಿರಬೇಕಾದ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಮುಂತಾದವು ಖರೀದಿಯ ಪುಟದಲ್ಲೂ ಇರಬೇಕೆಂದು ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ತಯಾರಾದ ತಿಂಗಳು ಮತ್ತು ವರ್ಷಕ್ಕೆ ಮಾತ್ರ ಅಲ್ಲಿ ವಿನಾಯಿತಿಯಿದೆ. ಘಟಕದವರು 200 ಗ್ರಾಂ ಪೊಟ್ಟಣವನ್ನು 180ಕ್ಕೆ ಇಳಿಸಿ, ತಾಣದ ಪುಟದಲ್ಲಿ ಹಳೆಯ ಅಂಕಿಯೇ ಉಳಿದುಬಿಡುವುದು ಸಾಮಾನ್ಯ. ನೀವು ಒಪ್ಪಿಗೆ ಕೊಡದೆ ಯಾವ ಪುಟವೂ ಪ್ರಕಟವಾಗದಂತೆ ವ್ಯವಸ್ಥೆ ಮಾಡಿಕೊಳ್ಳಿ.

ಉತ್ತರ 3 (ಗ್ರಾಹಕ ವ್ಯಾಜ್ಯಗಳ ವಕೀಲೆ, ಬೆಳಗಾವಿ)

ಕುಂದುಕೊರತೆ ಅಧಿಕಾರಿಯ ಕೆಲಸವನ್ನು ಹಗುರವಾಗಿ ಕಾಣಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಬಂದ ಮೇಲೆ ಗ್ರಾಹಕರು ತಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಹಾಕಬಹುದಾದ್ದರಿಂದ, ಗುವಾಹಟಿಯ ಗ್ರಾಹಕರೊಬ್ಬರ ಒಂದು ಪೊಟ್ಟಣಕ್ಕಾಗಿ ಧಾರವಾಡದ ಕಂಪನಿ ಅಲ್ಲಿ ವಕೀಲರನ್ನು ಗೊತ್ತುಮಾಡಬೇಕಾದೀತು. ಸಗಟು ವ್ಯಾಪಾರಿಗಳಿಗೆ ಇಮೇಲಿನಲ್ಲಿ ‘ಒಪ್ಪಿದ್ದೇವೆ’ ಎಂದು ಬರೆಯುವಾಗಲೂ ಎಚ್ಚರವಿರಲಿ: ಬೆಲೆ, ಪ್ರಮಾಣ ಮುಂತಾದ ಮುಖ್ಯ ಷರತ್ತುಗಳು ಇಮೇಲಿನಲ್ಲೇ ಇತ್ಯರ್ಥವಾಗಿದ್ದರೆ, ಸಹಿಯಾದ ಕರಾರುಪತ್ರವಿಲ್ಲದೆಯೂ ಒಪ್ಪಂದ ಏರ್ಪಟ್ಟಂತೆಯೇ ಎಂದು ಟ್ರೈಮೆಕ್ಸ್ ಮತ್ತು ವೇದಾಂತ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿರ್ಣಯದ ಕರಡನ್ನು ನಾನೇ ಬರೆದು ಮಂಡಳಿಯ ಮುಂದಿಡುತ್ತೇನೆ. ತಪ್ಪು ಬರಹದಿಂದಾದ ನಷ್ಟವನ್ನು ಏಜೆನ್ಸಿಯೇ ಭರಿಸಬೇಕೆಂದು ಕರಾರಿನಲ್ಲಿ ಸೇರಿಸಿದರೆ ನನ್ನ ಹೊಣೆ ತಪ್ಪುತ್ತದೆಯೇ?

ಉತ್ತರ 1

ಸೇರಿಸಿ, ಕಂಪನಿಗಾದ ನಷ್ಟದ ಹಣ ವಾಪಸು ಬರಲು ಅದು ನೆರವಾಗುತ್ತದೆ. ಆದರೆ ಕಾಯ್ದೆ ನಿಮ್ಮ ಮೇಲೆ ಹೊರಿಸಿದ ಹೊಣೆಯನ್ನು ಖಾಸಗಿ ಕರಾರಿನಿಂದ ಬೇರೆಯವರಿಗೆ ದಾಟಿಸಲು ಬರುವುದಿಲ್ಲ.