ಸಹಾಯ ಬೇಕು: ಮಹಾರಾಜ ಕಾಲೇಜಿನ ಪತ್ರಿಕೋದ್ಯಮ ವಿಭಾಗದ ಹಳೆಯ ನೆನಪುಗಳು

ಎಲ್ಲರಿಗೂ ನಮಸ್ಕಾರ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಪಾಠ ಶುರುವಾದ ಕಾಲದ ಬಗ್ಗೆ ಬರೆಯುತ್ತಿದ್ದೇನೆ. 1951ರಲ್ಲಿ ಮಹಾರಾಜ ಕಾಲೇಜಿನಲ್ಲಿ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಪ್ರೊ. ನಾಡಿಗ ಕೃಷ್ಣಮೂರ್ತಿ. ಅವರು ಓದಿ ಬಂದದ್ದು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆಯಲ್ಲಿ. ಅಲ್ಲಿ 1908ರಲ್ಲಿ ಪಾಠ ಶುರುವಾದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯೂ ಅಚ್ಚಾಗಿತ್ತು! ಸುಮ್ನೆ ಪುಸ್ತಕ ಓದಿದರೆ ಸಾಲದು, ಪತ್ರಿಕೆ ಮಾಡುತ್ತಲೇ ಕಲಿಯಬೇಕು ಅನ್ನೋದು ಆ ಶಾಲೆಯ ರೀತಿ. ಮೈಸೂರಿನ ತರಗತಿಗೆ ಅದು ಎಷ್ಟು ಬಂತು? ನನಗೆ ತಿಳಿಯಬೇಕಿರುವುದು ಮುಖ್ಯವಾಗಿ ಇದೇ.

ನಿಮ್ಮ ಮನೆಯಲ್ಲಿ ಅಜ್ಜ, ದೊಡ್ಡಪ್ಪ, ಅತ್ತೆ ಯಾರಾದರೂ ಐವತ್ತು, ಅರವತ್ತರ ದಶಕದಲ್ಲಿ ಅಲ್ಲಿ ಓದಿದ್ದರೆ ದಯವಿಟ್ಟು ಕೇಳಿ ನೋಡಿ. ಅಚ್ಚುಮೊಳೆ ಜೋಡಿಸಲು ಕಲಿಸುತ್ತಿದ್ದರಾ? ಕರಡು ತಿದ್ದಿಸುತ್ತಿದ್ದರಾ? ವರದಿಗೆ ಊರೊಳಗೆ ಕಳಿಸುತ್ತಿದ್ದರಾ? ನೋಟ್ಸು, ಪ್ರಶ್ನೆಪತ್ರಿಕೆ, ಗ್ರೂಪ್ ಫೋಟೊ ಏನಿದ್ದರೂ ಮೊಬೈಲ್‌ನಲ್ಲಿ ತೆಗೆದು ಕಳಿಸಿ. ಆಲ್ಬಮ್ಮಿಗೆ ಅಂಟಿಸಿದ ಫೋಟೊ ಕೀಳಬೇಡಿ, ಹರಿದುಹೋಗುತ್ತದೆ. ಬಿಡಿ ಫೋಟೊ ಆದರೆ ಹಿಂಬದಿಯನ್ನೂ ತೆಗೆಯಿರಿ, ಹೆಸರುಗಳು ಜಾಸ್ತಿ ಸಿಗುವುದು ಅಲ್ಲೇ ಅಲ್ವಾ.

ಮೈಸೂರಿನಲ್ಲೇ ಇರುವ ಹಿರಿಯರಾದರೆ ನಾನೇ ಮನೆಗೆ ಬಂದು ಮಾತಾಡುತ್ತೇನೆ. ಅವರ ಒಪ್ಪಿಗೆ ಇಲ್ಲದೆ ಹೆಸರು ಹಾಕುವುದಿಲ್ಲ.